ಕೌದಿಗೆ ಚೌಕ ಜೋಡಿಸಿದ್ದು ನಾನು, ದಾರ ಓಡಿಸಲು ಬೇರೆಯವರಿಗೆ ಕೊಡಲೇ?

ನೂಲೇಣಿ
ಎಲ್ಲರಿಗೂ ನಮಸ್ಕಾರ. ಮೂರು ವರ್ಷದಿಂದ ಒಂದು ಕೌದಿ ನನ್ನ ಸೂಟ್‌ಕೇಸಿನಲ್ಲಿ ಅರ್ಧಕ್ಕೇ ಮಲಗಿದೆ.

ಅವ್ವ ಹೋದ ಮೇಲೆ ಅವಳ ಸೀರೆಗಳನ್ನು ಮೂವರು ಅಕ್ಕತಂಗಿಯರು ಹಂಚಿಕೊಂಡೆವು. ಉಡಲು ಬರುವಂಥವು ಅಕ್ಕಂದಿರಿಗೆ ಹೋದವು. ಪಿಸಿದಿದ್ದು, ಅರಿಶಿನದ ಕಲೆ ಬಿದ್ದಿದ್ದು ನನಗೆ. ನಾನೇ ಕೇಳಿ ತೆಗೆದುಕೊಂಡೆ. ಎರಡು ಇಳಕಲ್ ಸೀರೆ, ನಾಲ್ಕು ವಾಯಿಲ್ ಸೀರೆ, ಗುಳೇದಗುಡ್ಡ ಖಣದ ಎಂಟು ಕುಪ್ಪಸ. ಹೊಲಿದ ಮೇಲೆ ನಾಲ್ಕಿಂಚು ಉಳಿಯುವ ಹಾಗೆ ಚೌಕ ಕತ್ತರಿಸಿ, ಮಷೀನಿನಲ್ಲಿ ಜೋಡಿಸಿದೆ. ಐದಡಿ ಅಗಲ, ಏಳಡಿ ಉದ್ದ. ಇಷ್ಟು ಕೆಲಸ ಒಂದೇ ತಿಂಗಳಲ್ಲಿ ಮುಗಿಯಿತು, ಖುಷಿಯಿಂದ ಮುಗಿಯಿತು.

ಇನ್ನು ಕೆಳಗೆ ಅಸ್ತರ, ನಡುವೆ ಅಪ್ಪನ ಹಳೆ ಧೋತರ ಇಟ್ಟು ದಾರ ಓಡಿಸಬೇಕು. ಅಲ್ಲೇ ಕೈ ನಿಂತಿತು. ಎರಡು ಸಾಲು ಹಾಕಿದೆ. ಮೊದಲನೆಯದು ಹಾವಿನ ಹಾಗೆ ಹೋಯಿತು, ಎರಡನೆಯದು ಅದನ್ನು ಹುಡುಕಿಕೊಂಡು ಹೋಯಿತು. ಬಿಚ್ಚಿಟ್ಟೆ.

ಈಗ ಎರಡು ದಾರಿ ಇದೆ. ಬೆಂಗಳೂರಿನ ನಮ್ಮ ಏರಿಯಾದ ಒಂದು ಅಂಗಡಿಯವರು ಮಷೀನಿನಲ್ಲಿ 2,500 ರೂಪಾಯಿಗೆ ಮಾಡಿಕೊಡುತ್ತಾರೆ, ನಾಲ್ಕು ದಿನ ಸಾಕಂತೆ. ಬಾಗಲಕೋಟೆ ಹತ್ತಿರ ನಮ್ಮೂರಲ್ಲಿ ಕೈಯಲ್ಲಿ ಹೊಲಿಯುವ ಒಬ್ಬ ಅಜ್ಜಿ ಇದ್ದಾಳೆ. 1,800 ರೂಪಾಯಿ, ದಾರ ನಮ್ಮದು, ಆದರೆ ಎರಡು ತಿಂಗಳು ಕಾಯಬೇಕು. ನಮ್ಮ ಮನೆಯವರು “ಕೊಟ್ಟು ಕೈ ತೊಳ್ಕೋ” ಅಂತಾರೆ. ದೊಡ್ಡಕ್ಕ ಮಾತ್ರ “ಅವ್ವನ ಸೀರಿಗೆ ಮಂದಿ ಕೈ ಯಾಕ ಹಚ್ಚತೀ?” ಅಂತ ಕೂತಿದ್ದಾಳೆ. ಅವಳಿಗೆ ಸೂಜಿ ಹಿಡಿಯಲೂ ಬರುವುದಿಲ್ಲ, ಅದು ಬೇರೆ ಮಾತು.

ನೀವೆಲ್ಲ ಏನು ಮಾಡುತ್ತೀರಿ?

ಗಿರ್ಮಿಟ್
ಕೊಟ್ಟುಬಿಡಿ. ಮೂರು ವರ್ಷ ಸೂಟ್‌ಕೇಸಿನಲ್ಲಿ ಇದ್ದದ್ದು ಇನ್ನೂ ಆರು ವರ್ಷ ಇರುತ್ತದೆ. ನನ್ನದೊಂದು ಟ್ರಂಕಿನಲ್ಲಿದೆ, ವಯಸ್ಸು ಹನ್ನೊಂದು.

ದಬ್ಬಣ
ನಾನು ಒಪ್ಪಲ್ಲ. ಕೌದಿ ಅಂದರೆ ಆ ದಾರವೇ. ಬಟ್ಟೆ ತುಂಡು ಯಾರು ಬೇಕಾದರೂ ಜೋಡಿಸುತ್ತಾರೆ, ಮಷೀನಿದ್ದರೆ ಆಯಿತು. ಹೊದ್ದುಕೊಂಡಾಗ ಕೈಗೆ ಸಿಗುವುದು ಆ ಸಣ್ಣ ಸಣ್ಣ ಉಬ್ಬುತಗ್ಗು. ಅದನ್ನು ಇನ್ನೊಬ್ಬರ ಹತ್ತಿರ ಮಾಡಿಸಿ “ನಾನು ಹೊಲಿದ ಕೌದಿ” ಅಂದರೆ, ಒಗ್ಗರಣೆ ಹಾಕಿ ಸಾರು ನಾನೇ ಮಾಡಿದೆ ಅಂದ ಹಾಗೆ.

ಗಿರ್ಮಿಟ್
ಒಗ್ಗರಣೆ ಇಲ್ಲದ ಸಾರು ಯಾರು ತಿನ್ನುತ್ತಾರೆ ಸ್ವಾಮಿ?

ಅಳತೆಪಟ್ಟಿ
ಭಾವನೆ ಒಂದು ಕಡೆ ಇರಲಿ, ಲೆಕ್ಕ ಹಾಕೋಣ. ಐದಡಿ ಅಂದರೆ 60 ಇಂಚು, ಏಳಡಿ ಅಂದರೆ 84. ನಾಲ್ಕಿಂಚಿನ ಚೌಕ ಅಂದರೆ ಹದಿನೈದು ಇಪ್ಪತ್ತೊಂದಲೆ 315 ತುಂಡು. ಅದು ಮುಗಿದಿದೆ.

ಇನ್ನು ದಾರ. ಇಂಚಿಗೊಂದು ಸಾಲು ಅಂತ ಹಿಡಿದರೂ 60 ಸಾಲು, ಒಂದೊಂದು 84 ಇಂಚು. ಒಟ್ಟು 5,040 ಇಂಚು, 128 ಮೀಟರ್. ಇಂಚಿಗೆ ನಾಲ್ಕು ಹೊಲಿಗೆ ಅಂದರೆ ಇಪ್ಪತ್ತು ಸಾವಿರ ಚಿಲ್ಲರೆ. ಆರು ಪದರ ಬಟ್ಟೆಯಲ್ಲಿ ಒಂದು ಸಾಲಿಗೆ ನನಗೆ 25 ನಿಮಿಷ ಹಿಡಿಯುತ್ತದೆ. ಅಂದರೆ 25 ಗಂಟೆ. ದಿನಕ್ಕೆ ಒಂದು ಗಂಟೆ ಕೂತರೆ ಒಂದು ತಿಂಗಳೊಳಗೆ ಮುಗಿಯಿತು. ಮೂರು ವರ್ಷ ಅಲ್ಲ!

ಹಳೆ ಕೌದಿಗಳಲ್ಲಿ ಸಾಲು ಇದಕ್ಕಿಂತ ಒತ್ತಾಗಿರುತ್ತದೆ. ಅರ್ಧ ಇಂಚಿಗೆ ಒಂದು ಹಾಕುತ್ತೀರಾದರೆ ಎಲ್ಲವನ್ನೂ ಎರಡರಿಂದ ಗುಣಿಸಿ.

ಸಂತೆಚೀಲ
ಕೈ ಹೊಲಿಗೆಗೆ 1,800 ಜಾಸ್ತಿ ಆಯ್ತಲ್ವಾ? ಬಟ್ಟೆ ನಮ್ಮದು, ದಾರ ನಮ್ಮದು. ಆನ್‌ಲೈನಿನಲ್ಲಿ ಒಳ್ಳೇ ಕಂಫರ್ಟರ್ ಸಾವಿರದೊಳಗೆ ಸಿಗುತ್ತದೆ.

ಪಡಸಾಲಿ
ಮೇಲೆ ಅಳತೆಪಟ್ಟಿಯವರು ಹಾಕಿದ ಲೆಕ್ಕ ಓದಿದಿರಾ? 25 ಗಂಟೆಗೆ 1,800 ಅಂದರೆ ಗಂಟೆಗೆ 72 ರೂಪಾಯಿ. ಬೆಂಗಳೂರಲ್ಲಿ ಒಂದು ಮಸಾಲೆ ದೋಸೆಗೆ ಇದಕ್ಕಿಂತ ಹೆಚ್ಚು ಕೊಟ್ಟು ತಿನ್ನುತ್ತೀರಿ. ಒತ್ತು ಸಾಲು ಹಾಕಿದರೆ ಆ ಅಜ್ಜಿಗೆ ಸಿಗುವುದು 36.

ಕೇಳಬೇಕಾದ ಪ್ರಶ್ನೆ 1,800 ಜಾಸ್ತಿನಾ ಅಂತ ಅಲ್ಲ. ಇಷ್ಟು ಕಡಿಮೆಗೆ ಯಾಕೆ ಹೊಲಿಯುತ್ತಾಳೆ ಅಂತ.

ಸಂತೆಚೀಲ
ಅಯ್ಯೋ, ಸುಮ್ನೆ ಕೇಳಿದೆ ರೀ. ದೋಸೆಗೆ ಯಾಕೆ ಹೋದಿರಿ?

ಟೈಲರ್ ಮಗ
ಮಷೀನಿಗೆ ಕೊಡುವ ಮೊದಲು ನಾಲ್ಕು ಮಾತು. ನಮ್ಮಪ್ಪನದು ನಲವತ್ತು ವರ್ಷದ ಅಂಗಡಿ, ಚಿಕ್ಕಂದಿನಿಂದ ನೋಡಿದ್ದೇನೆ.

ಮಾಮೂಲಿ ಮಷೀನಿನಲ್ಲಿ ಕೆಳಗಿನ ಹಲ್ಲು ಕೆಳಗಿನ ಬಟ್ಟೆಯನ್ನು ಮಾತ್ರ ಎಳೆಯುತ್ತದೆ. ಮೇಲಿನ ಬಟ್ಟೆಯನ್ನು ಪಾದ ತಡೆದು ಹಿಡಿಯುತ್ತದೆ. ಎರಡು ಪದರಕ್ಕೆ ಗೊತ್ತಾಗುವುದಿಲ್ಲ. ಐದಾರು ಪದರ ಆದರೆ ಸಾಲಿನ ಕೊನೆಗೆ ಬರುವಷ್ಟರಲ್ಲಿ ಮೇಲಿನ ಬಟ್ಟೆ ಒಂದಿಂಚು ಮುಂದೆ ಬಂದು ನೆರಿಗೆ ಬಿದ್ದಿರುತ್ತದೆ. ಅದಕ್ಕೆ ವಾಕಿಂಗ್ ಫುಟ್ ಅಂತ ಒಂದು ಪಾದ ಬರುತ್ತದೆ, ಮೇಲಿನದನ್ನೂ ಜೊತೆಗೇ ಎಳೆಯುತ್ತದೆ. ಅಂಗಡಿಯವರಲ್ಲಿ ಅದಿದೆಯಾ ಕೇಳಿ. “ಅದೆಲ್ಲ ಬೇಡ ಮೇಡಂ, ನಾವು ಕೈಯಲ್ಲೇ ಅಡ್ಜಸ್ಟ್ ಮಾಡ್ತೀವಿ” ಅಂದರೆ ಚೀಲ ಎತ್ತಿಕೊಂಡು ಬಂದುಬಿಡಿ.

ಆಮೇಲೆ ಕಚ್ಚಾ ಹೊಲಿಗೆ. ಒಂದು ಗೇಣಿಗೊಂದು ಸಾಲು ಉದ್ದುದ್ದ ಕಚ್ಚಾ ಹಾಕದೆ ನೇರ ಮಷೀನಿಗಿಟ್ಟರೆ ದೇವರೇ ಗತಿ. ಕಚ್ಚಾ ನೀವೇ ಹಾಕಿಕೊಡಿ. ಅವರು ಹಾಕಲ್ಲ. ಹಾಕುತ್ತೇವೆ ಅಂತಾರೆ, ಹಾಕಲ್ಲ. ಮೊದಲ ಸಾಲು ನಡುವೆ ಹೊಡೆದು, ಆಮೇಲೆ ಎರಡೂ ಬದಿಗೆ ಹೋಗಬೇಕು. ಸೂಜಿ 16 ಅಥವಾ 18 ನಂಬರು.

ಇಷ್ಟೆಲ್ಲ ಮಾಡಿದರೂ ಒತ್ತೊತ್ತಾಗಿ ಹೊಡೆದರೆ ಕೌದಿ ಚಾಪೆಯ ಹಾಗೆ ಸೆಟೆದುಕೊಳ್ಳುತ್ತದೆ. ಕೈ ಹೊಲಿಗೆಯ ಮೆತ್ತಗೆ ಬರುವುದಿಲ್ಲ. ಆದರೆ ಒಂದು ಮಾತು ನಿಜ, ವಾಷಿಂಗ್ ಮಷೀನಿಗೆ ಹಾಕಿದರೂ ದಾರ ಕೀಳುವುದಿಲ್ಲ.

ದಬ್ಬಣ
ನಡುವಿನಿಂದ? ಕೌದಿಗೆ ಅಂಚಿನಿಂದ ಶುರು ಮಾಡಿ ಸುತ್ತುತ್ತಾ ಒಳಗೆ ಬರುವುದಲ್ವಾ? ನಮ್ಮಜ್ಜಿ ಹಾಗೇ ಮಾಡುತ್ತಿದ್ದಳು.

ಯಲ್ಲಾಪುರದವಳು
ಇಬ್ಬರದೂ ಸರಿ, ಆದರೆ ಅವು ಬೇರೆ ಬೇರೆ ಕೆಲಸ. ನಮ್ಮ ತಾಲೂಕಿನಲ್ಲಿ, ಹಳಿಯಾಳ, ಮುಂಡಗೋಡದ ಕಡೆಯೂ ಸಿದ್ದಿ ಹೆಂಗಸರು ಹೊಲಿಯುವುದನ್ನು ಹತ್ತಿರ ಕೂತು ನೋಡಿದ್ದೇನೆ. ಅವರು ಕವಂದಿ ಅಂತಾರೆ. ಅವರ ಹತ್ತಿರ “ಮೊದಲು ಮೇಲ್ಪದರ, ಆಮೇಲೆ ದಾರ” ಅನ್ನುವ ಎರಡು ಹಂತವೇ ಇಲ್ಲ. ಕೆಳಗೆ ಒಂದು ಸೀರೆ ಹಾಸುತ್ತಾರೆ. ಒಂದು ಮೂಲೆಯಿಂದ ಅಂಚು ಮಡಿಸಿ ಒಂದು ತುಂಡು ಇಡುತ್ತಾರೆ, ಅದರ ಮೇಲೆ ದಾರ ಓಡುತ್ತದೆ. ತುಂಡು ಮುಗಿಯುವುದರೊಳಗೆ ಪಕ್ಕದಲ್ಲಿ ಇನ್ನೊಂದು. ಹೀಗೆ ಸುತ್ತು ಹಾಕುತ್ತಾ ನಡುವಿಗೆ ಬರುತ್ತಾರೆ. ಜೋಡಿಸುವುದೂ ಹೊಲಿಯುವುದೂ ಒಂದೇ ಸೂಜಿ, ಒಂದೇ ಹೊತ್ತು. ಬಟ್ಟೆ ಸ್ವಲ್ಪ ಸಡಿಲ ಬಂದರೆ ಅಲ್ಲೇ ಅಂಗೈಯಲ್ಲಿ ಒತ್ತಿ ಮಡಿಸುತ್ತಾರೆ, ಆ ಮಡಿಕೆಯನ್ನು ಮುಂದಿನ ತುಂಡು ಮುಚ್ಚಿಬಿಡುತ್ತದೆ. ಆದ್ದರಿಂದ ಅಂಚಿನಿಂದ ಬಂದರೂ ನಡುವೆ ಗುಡ್ಡ ಏಳುವುದಿಲ್ಲ. ಕೊನೆಗೆ ನಾಲ್ಕು ಮೂಲೆಗೆ ಮಡಿಸಿದ ಸಣ್ಣ ಬಟ್ಟೆಯ ಫುಲಾ ಇಡುತ್ತಾರೆ, ಹೂವು ಅಂತ ಅರ್ಥ. ಅದಿಲ್ಲದಿದ್ದರೆ ಕವಂದಿ ಮುಗಿದ ಹಾಗಲ್ಲ.

ನೂಲೇಣಿಯವರದು ಮೊದಲೇ ಜೋಡಿಸಿದ ಮೇಲ್ಪದರ. ಅದರಲ್ಲಿ ಮಡಿಸಿ ಮುಚ್ಚಲು ಏನೂ ಉಳಿದಿಲ್ಲ. ಅಂಚಿನಿಂದ ಶುರು ಮಾಡಿದರೆ ಸಡಿಲವೆಲ್ಲ ನಡುವೆ ಬಂದು ಕೂರುತ್ತದೆ. ಹಾಗಾಗಿ ಟೈಲರ್ ಅವರ ಮಾತು ಇವರ ಕೌದಿಗೆ ಹೊಂದುತ್ತದೆ.

ಬೊಂತೆಗೌಡ
ನಮ್ಮ ಕೋಲಾರದ ಕಡೆ ಬೊಂತೆ ಅಂತೀವಿ. ಇಷ್ಟೆಲ್ಲ ಶಾಸ್ತ್ರ ಇದೆ ಅಂತ ಗೊತ್ತೇ ಇರಲಿಲ್ಲ. ಹಳೆ ಪಂಚೆ ನಾಲ್ಕು, ಲುಂಗಿ ಎರಡು, ದಪ್ಪ ದಾರ, ಮುಗೀತು.

ರಾಗಿಮುದ್ದೆ
ಲಂಬಾಣಿಯವರು ಕನ್ನಡಿ ಇಟ್ಟು ಹೊಲಿಯುತ್ತಾರಲ್ಲ, ಅದೂ ಕೌದಿನೇ ಅಲ್ವಾ?

ಯಲ್ಲಾಪುರದವಳು
ಅಲ್ಲ. ಅದು ಕಸೂತಿ. ಸಂಡೂರು ಲಂಬಾಣಿ ಕಸೂತಿ ಅಂತ ಭೌಗೋಳಿಕ ಗುರುತೇ (ಜಿಐ ಟ್ಯಾಗ್) ಇದೆ ಅದಕ್ಕೆ. ಕೌದಿಗೆ ಪದರ ಬೇಕು, ಪದರಗಳನ್ನು ಹಿಡಿದಿಡುವ ದಾರ ಬೇಕು.

ಫ್ರೀಮಾಂಟ್ ಅತ್ತೆ
ನಾನು ಅಮೆರಿಕದಲ್ಲಿ ಹದಿನೆಂಟು ವರ್ಷದಿಂದ ಇದ್ದೇನೆ. ಇಲ್ಲಿ ಇದೇ ಜಗಳ ಇಂಗ್ಲಿಷಿನಲ್ಲಿ ನಡೆಯುತ್ತದೆ, ಅಷ್ಟೇ ವ್ಯತ್ಯಾಸ.

ಇಲ್ಲಿ ಮೇಲ್ಪದರ ಜೋಡಿಸುವವರು ಬಹಳ ಜನ. ಹೊಲಿಗೆಗೆ ಲಾಂಗ್‌ಆರ್ಮ್ ಅಂತ ಮಂಚದಷ್ಟು ಉದ್ದದ ಚೌಕಟ್ಟಿನ ಮೇಲೆ ಓಡುವ ಮಷೀನಿದೆ. ಬಟ್ಟೆ ನಿಂತಿರುತ್ತದೆ, ಮಷೀನ್ ಓಡುತ್ತದೆ. ಅದನ್ನಿಟ್ಟುಕೊಂಡವರು ಬೇರೆಯವರ ಮೇಲ್ಪದರಗಳನ್ನು ದುಡ್ಡಿಗೆ ಹೊಲಿದುಕೊಡುತ್ತಾರೆ. ಲೆಕ್ಕ ಚದರ ಇಂಚಿಗೆ. ನಾನು ಹೋದ ಸಲ ಕೊಟ್ಟದ್ದು 3 ಸೆಂಟ್. ನಿಮ್ಮ 60 ಗುಣಿಸು 84 ಅಂದರೆ 5,040 ಚದರ ಇಂಚು, 151 ಡಾಲರ್ ಚಿಲ್ಲರೆ. ಅದೂ ಒಂದೇ ಸುರುಳಿ ನಮೂನೆ ಈ ತುದಿಯಿಂದ ಆ ತುದಿಗೆ. ಹೂವು ಬಳ್ಳಿ ಬೇಕಂದರೆ ಇನ್ನೂ ಮೇಲೆ.

ಇಲ್ಲಿನ ಒಂದು ಅಭ್ಯಾಸ ನನಗೆ ಬಹಳ ಹಿಡಿಸಿತು. ಹಿಂದುಗಡೆ ಒಂದು ಬಟ್ಟೆ ಚೀಟಿ ಹೊಲಿಯುತ್ತಾರೆ. ಜೋಡಿಸಿದ್ದು ಇಂಥವರು, ಹೊಲಿದದ್ದು ಇಂಥವರು. ಪ್ರದರ್ಶನಗಳಲ್ಲೂ ಇಬ್ಬರು ಸೇರಿ ಮಾಡಿದ್ದಕ್ಕೆ ಬೇರೆಯೇ ವಿಭಾಗ ಇರುವುದುಂಟು. ಯಾರ ಕೌದಿ ಅನ್ನುವ ತಕರಾರೇ ಇಲ್ಲ.

ಇನ್ನೂ ಒಂದು ತಮಾಷೆ. ನನ್ನ ಅತ್ತೆ ಹೊಲಿದ ಕೌದಿ ಹಾಸಿಗೆ ಮೇಲಿತ್ತು. ಮನೆಗೆ ಬಂದ ಪಕ್ಕದ ಮನೆ ಹೆಂಗಸು ಅದರ ಹಿಂಬದಿ ತಿರುಗಿಸಿ ನೋಡಿ, ಪೂರ್ತಿ ಕೈಯಲ್ಲೇ ಅಂತ ತಿಳಿದು ಕುರ್ಚಿಯಲ್ಲಿ ಕೂತುಬಿಟ್ಟಳು. ನಮ್ಮತ್ತೆ ಅದನ್ನು ಮಕ್ಕಳು ಉಚ್ಚೆ ಹೊಯ್ಯುತ್ತವೆ ಅಂತ ಹೊಲಿದಿದ್ದು!

ದಬ್ಬಣ
ಚೀಟಿ ಐಡಿಯಾ ಚೆನ್ನಾಗಿದೆ. ಒಪ್ಪಿದೆ. ಆದರೂ ಅವ್ವನ ಸೀರೆ…

ಪಡಸಾಲಿ
ದಬ್ಬಣ ಅವರೇ, ನಮ್ಮ ಕಡೆ ಹಿಂದೆ ಎಷ್ಟು ಮನೆಯವರು ತಾವೇ ಹೊಲಿಯುತ್ತಿದ್ದರು? ನಾನು ಹುಡುಗಿಯಾಗಿದ್ದಾಗ ಸುಗ್ಗಿ ಮುಗಿದ ಮೇಲೆ ಊರೂರು ಅಡ್ಡಾಡಿ ಕೌದಿ ಹೊಲಿಯುವ ಹೆಂಗಸರು ಬರುತ್ತಿದ್ದರು. ನಮ್ಮ ಪಡಸಾಲಿಯಲ್ಲೇ ಇಬ್ಬರು ಎದುರುಬದುರು ಕಾಲು ಚಾಚಿ ಕೂರುತ್ತಿದ್ದರು. ಅಮ್ಮ ವರ್ಷದ ಹಳೆ ಬಟ್ಟೆಯ ಗಂಟು ಬಿಚ್ಚಿ ಮುಂದೆ ಸುರಿಯುತ್ತಿದ್ದಳು. ಯಾವ ತುಂಡು ಎಲ್ಲಿ ಅಂತ ಅವರೇ ಆರಿಸುತ್ತಿದ್ದರು. ಅಮ್ಮ “ಆ ಹಸಿರು ನಡುವ ಇಡವಾ” ಅಂದರೆ, “ನಡುವ ಹಸಿರಿಟ್ಟರ ಹೊಲ ಆಗತೈತಿ, ಕೌದಿ ಆಗೂದಿಲ್ಲ” ಅಂದುಬಿಡುತ್ತಿದ್ದಳು ಒಬ್ಬಳು. ಕೂಲಿ ಅಂದರೆ ಜೋಳ, ಊಟ, ಮೇಲೆ ಒಂದಿಷ್ಟು ರೊಕ್ಕ. ಆ ಕೌದಿಗಳನ್ನು ನಾವು “ಅಮ್ಮನ ಕೌದಿ” ಅಂತಲೇ ಕರೆಯುತ್ತೇವೆ ಇವತ್ತಿಗೂ. ಹೊಲಿದವಳ ಹೆಸರು ನನಗೆ ಗೊತ್ತಿಲ್ಲ. ಅದೇ ಈಗ ಮನಸ್ಸಿಗೆ ಚುಚ್ಚುತ್ತದೆ.

ಗಿರ್ಮಿಟ್
ನಮ್ಮಲ್ಲಿ ಕೊನೇ ತುಂಡು ಮುಚ್ಚುವ ಮೊದಲು ಅಜ್ಜಿ ಒಳಗೆ ನಾಲ್ಕು ಅಕ್ಕಿಕಾಳು ಹಾಕುತ್ತಿದ್ದಳು. ಕೌದಿ ಹೊಟ್ಟೆ ಹಸಿದಿರಬಾರದಂತೆ. ಯಾರಾದರೂ ಕೇಳಿದ್ದೀರಾ?

ಬೊಂತೆಗೌಡ
ಇಲಿ ಬರಲ್ವಾ?

ಗಿರ್ಮಿಟ್
ನಾಲ್ಕು ಕಾಳಿಗೆ ಬರುವ ಇಲಿಗೆ ನಮ್ಮ ಮನೆ ಅಕ್ಕಿಡಬ್ಬಿ ಗೊತ್ತಿರಲಿಲ್ಲ ಅಂತ ಕಾಣುತ್ತದೆ.

ಕೆಂಪಂಚು
ಯಾರೂ ಮುಖ್ಯ ವಿಷಯ ಕೇಳಲೇ ಇಲ್ಲ! ಇಳಕಲ್ ಸೀರೆಯ ಸೆರಗು ಕೆಂಪಲ್ವಾ? ಅದನ್ನೂ ಕತ್ತರಿಸಿ ಹಾಕಿದ್ದೀರಾ? ಬಿಳಿ ವಾಯಿಲ್ ಪಕ್ಕ ಇದ್ದರೆ ಮೊದಲ ಒಗೆತಕ್ಕೇ ಎಲ್ಲ ಗುಲಾಬಿ. ನನ್ನ ತಂಗಿಯ ತೊಟ್ಟಿಲ ಕೌದಿ ಹಾಗೇ ಹಾಳಾಯಿತು. ಹೊಲಿಯುವ ಮೊದಲು ಉಪ್ಪುನೀರಲ್ಲಿ ನೆನೆಸಿ.

ಅಳತೆಪಟ್ಟಿ
ಉಪ್ಪು ಹತ್ತಿಗೆ ಬಣ್ಣ ಹಾಕುವಾಗ ಕೆಲಸಕ್ಕೆ ಬರುತ್ತದೆ. ಈಗಾಗಲೇ ಬಣ್ಣ ಹಾಕಿ ನೇಯ್ದ ಬಟ್ಟೆಯ ಬಣ್ಣವನ್ನು ಮನೆಯ ಉಪ್ಪುನೀರು ಕಟ್ಟಿಹಾಕುವುದಿಲ್ಲ. ಬಣ್ಣ ಬಿಡುವುದು ನಿಲ್ಲುವ ತನಕ ತಣ್ಣೀರಲ್ಲಿ ಜಾಲಿಸುವುದೇ ದಾರಿ.

ಕೆಂಪಂಚು
ನಮ್ಮಮ್ಮ ಮೂವತ್ತು ವರ್ಷ ಉಪ್ಪು ಹಾಕಿದ್ದಾಳೆ, ಒಂದೂ ಬಣ್ಣ ಬಿಟ್ಟಿಲ್ಲ.

ಅಳತೆಪಟ್ಟಿ
ನಿಮ್ಮ ತಂಗಿಯ ತೊಟ್ಟಿಲ ಕೌದಿ?

ಕೆಂಪಂಚು
ಅದಕ್ಕೆ ಉಪ್ಪು ಹಾಕಿರಲಿಲ್ಲ!!

ನೂಲೇಣಿ
ಜಗಳ ಬೇಡ. ಆ ಸೀರೆ ಇಪ್ಪತ್ತು ವರ್ಷ ಒಗೆದದ್ದು. ಬಿಡಲು ಬಣ್ಣ ಉಳಿದಿದ್ದರೆ ತಾನೆ? ಒದ್ದೆ ಬಿಳಿ ಬಟ್ಟೆಯಲ್ಲಿ ಉಜ್ಜಿ ನೋಡಿದೆ, ಏನೂ ಹತ್ತಲಿಲ್ಲ. ಟೋಪ್ ತೆನಿ ಸೆರಗಿನ ಭಾಗವನ್ನು, ಅಂದರೆ ಇಳಕಲ್ ಸೀರೆಯ ಆ ಕೆಂಪು ಬಿಳಿ ರೇಷ್ಮೆ ಸೆರಗನ್ನು, ನಾನು ಕತ್ತರಿಸಲೇ ಇಲ್ಲ, ಕತ್ತರಿ ಹಾಕಲು ಕೈ ಬರಲಿಲ್ಲ. ಅದನ್ನು ಹಿಂಬದಿಯ ಅಸ್ತರಕ್ಕೆ ಅಂತ ಇಟ್ಟುಕೊಂಡಿದ್ದೇನೆ.

ಟೈಲರ್ ಮಗ
ಮೇಡಂ, ಹಾಗಿದ್ದರೆ ಮಷೀನಿಗೆ ಕೊಡಲೇಬೇಡಿ. ಹಳೆ ರೇಷ್ಮೆ ಸೆರಗಿನ ಮೇಲೆ 18 ನಂಬರ್ ಸೂಜಿ ಹೊಡೆದರೆ ಸಾಲಿನುದ್ದಕ್ಕೂ ತೂತು ಬಿದ್ದು, ಕಾಗದ ಹರಿದ ಹಾಗೆ ಹರಿಯುತ್ತದೆ. ಸಣ್ಣ ಸೂಜಿ, ಕೈ, ಅಷ್ಟೇ.

ರಾಗಿಮುದ್ದೆ
ಇಷ್ಟು ದಪ್ಪ ಕೌದಿ ಒಗೆಯುವುದು ಯಾರು? ಅದನ್ನೂ ದುಡ್ಡಿಗೆ ಕೊಡಬಹುದಾ?

ಪಡಸಾಲಿ
ಮಹಾನವಮಿ ಮುಂಚೆ ನಮ್ಮೂರ ಹಳ್ಳದಲ್ಲಿ ಓಣಿಗೆ ಓಣಿಯೇ ಹಾಸಿಗೆ ಒಗೆಯುತ್ತಿತ್ತು. ನೆಂದ ಕೌದಿ ಎಮ್ಮೆಕರುವಿನ ತೂಕ. ಆ ತುದಿಗೊಬ್ಬರು, ಈ ತುದಿಗೊಬ್ಬರು ಹಿಡಿದು ಎದುರುಬದುರು ತಿರುವಬೇಕು. ಗಂಡ ಹೆಂಡತಿ ಹಿಡಿದರೆ ಅರ್ಧಕ್ಕೇ ಜಗಳ, ಇಬ್ಬರೂ ಒಂದೇ ಕಡೆ ತಿರುವುತ್ತಿದ್ದರು.

ನೂಲೇಣಿ
ಎರಡೂವರೆ ತಿಂಗಳಾಯಿತು. ಸುದ್ದಿ ಹೇಳಲು ಬಂದೆ.

ಊರಿಗೆ ಹೋದಾಗ ಮೇಲ್ಪದರ ತೆಗೆದುಕೊಂಡು ಆ ಅಜ್ಜಿಯ ಮನೆಗೆ ಹೋದೆ. ಕಟ್ಟೆ ಮೇಲೆ ಹರಡಿದಳು. ಮೇಲಿನ ಬಣ್ಣ ನೋಡಲೇ ಇಲ್ಲ, ಮೊದಲು ಮಗುಚಿ ಹಿಂದುಗಡೆಯ ಹೊಲಿಗೆ ನೋಡಿದಳು. ಒಂದೊಂದು ಜೋಡಣೆಯನ್ನೂ ಉಗುರಿನಿಂದ ಕೆರೆದಳು. ಆಮೇಲೆ “ಎಲ್ಲಾ ನೀನ ಹೊಲದು ತಂದೀಯಲ್ಲವಾ, ನನಗೇನು ಉಳಿಸೀ?” ಅಂದಳು. ನಾನು ದಾರ ಓಡಿಸುವುದು ಅಂದೆ. “ತುಂಡು ಇಡಾಕ ಇಲ್ಲಂದ್ರ ಬೇಸರ ಆಗತೈತಿ. ಬರೇ ದಾರ ಎಳಿಯಾಕ ಮಷೀನಿಗೆ ಕೊಡು” ಅಂದಳು. ಯಲ್ಲಾಪುರದವರು ಹೇಳಿದ್ದು ಆಗ ಅರ್ಥವಾಯಿತು. ನನಗೆ ಖುಷಿ ಕೊಟ್ಟ ಭಾಗವೇ ಅವಳಿಗೂ ಖುಷಿಯ ಭಾಗ. ಅದನ್ನು ನಾನು ಇಟ್ಟುಕೊಂಡು, ಉಳಿದದ್ದನ್ನು ಅವಳಿಗೆ ಹೊರಿಸಲು ಹೋಗಿದ್ದೆ.

ಸೆರಗು ತೋರಿಸಿದೆ. ಅದನ್ನು ಮಾತ್ರ ಬಹಳ ಹೊತ್ತು ಹಿಡಿದುಕೊಂಡಿದ್ದಳು. ನಮ್ಮವ್ವನ ಗುರುತು ಅವಳಿಗಿತ್ತು. ಕೊನೆಗೆ ಒಪ್ಪಿದಳು, ಆದರೆ ಶರತ್ತು ಹಾಕಿದಳು. ನಾನೂ ಕೂರಬೇಕು, ಸುತ್ತಲಿನ ಅಂಚಿಗೆ ತುಂಡು ಅವಳು ಹೇಳಿದ್ದು.

ಹನ್ನೊಂದು ದಿನ ರಜೆ ಹಾಕಿ ಕೂತೆ. ನಡುವಿನಿಂದ ಆ ಕಡೆ ಅವಳು, ಈ ಕಡೆ ನಾನು. ಅವಳ ಹೊಲಿಗೆ ಎಳ್ಳು ಚೆಲ್ಲಿದ ಹಾಗೆ. ನನ್ನದು ಕಡಲೆಕಾಳು, ಅದರಲ್ಲೂ ಕೆಲವು ಹುರಿದದ್ದು. ಎಲ್ಲಿ ಅವಳದು ಮುಗಿದು ನನ್ನದು ಶುರುವಾಗುತ್ತದೆ ಅಂತ ಕತ್ತಲಲ್ಲಿ ಮುಟ್ಟಿದರೂ ಗೊತ್ತಾಗುತ್ತದೆ. ದೊಡ್ಡಕ್ಕ ಎರಡು ದಿನ ಬಂದು ಸೂಜಿಗೆ ದಾರ ಪೋಣಿಸಿಕೊಟ್ಟಳು. ಈಗ “ನಾವು ಹೊಲದ ಕೌದಿ” ಅಂತ ಊರೆಲ್ಲ ಹೇಳಿಕೊಂಡು ಬರುತ್ತಿದ್ದಾಳೆ.

ಅರ್ಧ ಕೆಲಸ ನಾನೇ ಮಾಡಿದರೂ 3,000 ಕೊಟ್ಟೆ. ಸಂತೆಚೀಲ ಅವರೇ, ದೋಸೆ ಲೆಕ್ಕ ಕೇಳಬೇಡಿ.

ದಬ್ಬಣ
ಫೋಟೋ ಹಾಕಿ. ಹಿಂಬದಿಯದೂ ಬೇಕು.

ಫ್ರೀಮಾಂಟ್ ಅತ್ತೆ
ಚೀಟಿ ಹೊಲಿದಿರಾ?

ನೂಲೇಣಿ
ಅಜ್ಜಿಯನ್ನು ಹೆಸರು ಏನಂತ ಹಾಕಲಿ ಅಂತ ಕೇಳಿದೆ. “ಹೆಸರು ಯಾಕ? ಹೊಲಗಿ ನೋಡಿದ್ರ ಗೊತ್ತಾಗೂದಿಲ್ಲೇನು?” ಅಂದಳು. ಆದರೂ ಸೆರಗಿನ ಮೂಲೆಯಲ್ಲಿ ಇಬ್ಬರ ಹೆಸರೂ ಹಾಕಿದ್ದೇನೆ. ಅಕ್ಕನದು ಇಲ್ಲ.

ಗಿರ್ಮಿಟ್
ಅಕ್ಕಿಕಾಳು?

ನೂಲೇಣಿ
ಹಾಕಿದೆವು. ಐದು.

ರಾಗಿಮುದ್ದೆ
ಎಲ್ಲ ಸರಿ, ಆ ವಾಕಿಂಗ್ ಫುಟ್ ಇರುವ ಅಂಗಡಿ ಬೆಂಗಳೂರಲ್ಲಿ ಯಾರಿಗಾದರೂ ಗೊತ್ತಾ? ನಮ್ಮನೇಲಿ ಏಳು ಹಳೇ ಬೆಡ್‌ಶೀಟ್ ಬಿದ್ದಿವೆ.